ಗೋದಲಿಗೆ ಹೋಗುವ ದಾರಿಯಲ್ಲಿ ಯೋಹಾನ ನಿಂತಿದ್ದಾನೆ

(ಅಡ್ವೆಂಟ್ ಕಾಲದ, ಅಂದರೆ ಕ್ರಿಸ್ಮಸ್ಸಿಗೆ ಮುಂಚಿನ ವಾರಗಳ, ಒಂದು ಸಂಜೆ ಕೂಟದಲ್ಲಿ ಆಡಿದ ಮಾತಿದು. ಮಾತಿನ ಧಾಟಿ ಹೋಗಬಾರದು ಅಂತ ಜಾಸ್ತಿ ತಿದ್ದಿಲ್ಲ. ಕೊನೆಯಲ್ಲಿ ಜನ ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಪಾದ್ರಿ ಅಯ್ಯನವರಿಗೆ, ಹಿರಿಯರಿಗೆ, ಎಲ್ಲರಿಗೂ ವಂದನೆಗಳು.

2011ರ ಡಿಸೆಂಬರ್ 28ರಂದು ಬೆತ್ಲೆಹೇಮಿನಲ್ಲಿ ಪಾದ್ರಿಗಳು ಪೊರಕೆ ಹಿಡಿದು ಹೊಡೆದಾಡಿಕೊಂಡರು. ಬೇರೆ ಎಲ್ಲೋ ಅಲ್ಲ, ಯೇಸು ಹುಟ್ಟಿದ ಜಾಗ ಅಂತ ಜನ ನಂಬುವ ಆ ಹಳೇ ದೇವಾಲಯದ ಒಳಗೇ. ಆ ದೇವಾಲಯ ಗ್ರೀಕ್ ಆರ್ಥೊಡಾಕ್ಸ್, ಅರ್ಮೇನಿಯನ್, ಕ್ಯಾಥೊಲಿಕ್ ಹೀಗೆ ಮೂರು ಸಭೆಗಳ, ಅಂದರೆ ಕ್ರೈಸ್ತ ಪಂಗಡಗಳ, ಕೈಯಲ್ಲಿದೆ. ಯಾವ ಮೂಲೆ ಯಾರದ್ದು, ಯಾವ ದೀಪವನ್ನು ಯಾರು ಹಚ್ಚಬೇಕು, ಯಾವ ಕಡೆ ಯಾರು ಗುಡಿಸಬೇಕು ಅನ್ನುವುದಕ್ಕೆಲ್ಲ ಹಿಂದಿನಿಂದ ಬಂದ ಕಟ್ಟುಪಾಡಿದೆ. ಕ್ಯಾಥೊಲಿಕ್ಕರ ಕ್ರಿಸ್ಮಸ್ ಮುಗಿದಿತ್ತು, ಉಳಿದವರದ್ದು ಜನವರಿಯಲ್ಲಿ ಬರಬೇಕಿತ್ತು, ಮಧ್ಯದಲ್ಲಿ ಶುಚಿ ಮಾಡುವ ಕೆಲಸ. ಗುಡಿಸ್ತಾ ಗುಡಿಸ್ತಾ ಗ್ರೀಕರಿಗೂ ಅರ್ಮೇನಿಯನ್ನರಿಗೂ ‘ಇದು ನಮ್ಮ ಜಾಗ’ ಅಂತ ಶುರುವಾಗಿ, ಪೊರಕೆಗಳು ಮೇಲಕ್ಕೆದ್ದು, ಕೊನೆಗೆ ಪ್ಯಾಲೆಸ್ತೀನ್ ಪೊಲೀಸರು ಲಾಠಿ ಹಿಡಿದು ಒಳಗೆ ಬಂದು ಬಿಡಿಸಬೇಕಾಯಿತು.

ಇದು ಆ ಜಾಗಕ್ಕೆ ಹೊಸದೇನಲ್ಲ. ಅಲ್ಲಿ ನೆಲದಡಿಯ ಗವಿಯಲ್ಲಿ ಒಂದು ಬೆಳ್ಳಿಯ ನಕ್ಷತ್ರ ಕೂರಿಸಿದ್ದಾರೆ, ಹದಿನಾಲ್ಕು ಮೂಲೆಯದ್ದು, ಯೇಸು ಹುಟ್ಟಿದ್ದು ಇಲ್ಲೇ ಅಂತ ಅದರ ಮೇಲೆ ಬರೆದಿದೆ. 1847ರಲ್ಲಿ ಅದನ್ನು ಯಾರೋ ಕಿತ್ತುಕೊಂಡು ಹೋದರು. ಕದ್ದವರು ಇವರೇ ಅಂತ ಒಂದು ಸಭೆ ಇನ್ನೊಂದರ ಮೇಲೆ ಬೆರಳು ತೋರಿಸಿತು. ಒಂದು ಸಭೆಯ ಬೆನ್ನಿಗೆ ಫ್ರಾನ್ಸ್, ಇನ್ನೊಂದರ ಬೆನ್ನಿಗೆ ರಷ್ಯಾ. ಕೆಲವೇ ವರ್ಷಗಳಲ್ಲಿ, 1853ರಲ್ಲಿ, ಕ್ರಿಮಿಯಾ ಯುದ್ಧ ಶುರುವಾಯಿತು. ಯುದ್ಧಕ್ಕೆ ಬೇರೆ ದೊಡ್ಡ ಕಾರಣಗಳಿದ್ದವು, ನಿಜ. ಆದರೆ ಈ ಪುಣ್ಯಸ್ಥಳಗಳ ಜಗಳವೂ ಅದರಲ್ಲಿ ಒಂದು. ಸಮಾಧಾನದ ಪ್ರಭು ಹುಟ್ಟಿದ ಜಾಗ ನೋಡಿ!

ನಗ್ತಾ ಇದ್ದೀರಿ. ನಗಿ, ಪರವಾಗಿಲ್ಲ. ಆದರೆ ನಮ್ಮ ಕಡೆಯ ಕಥೆ ಏನು? ಕಮಿಟಿ ಚುನಾವಣೆ ಆಗುತ್ತೆ, ಎರಡು ಪಂಗಡ ಆಗುತ್ತೆ, ಆಮೇಲೆ ಮೂರು ವರ್ಷ ಆರಾಧನೆಯಲ್ಲಿ ಎಡಗಡೆ ಸಾಲು ಅವರದ್ದು, ಬಲಗಡೆ ಸಾಲು ಇವರದ್ದು. ಡಿಸೆಂಬರ್ ಬಂದರೆ ಕ್ಯಾರಲ್ಸ್ ತಂಡ ಮನೆಮನೆಗೆ ಹೋಗುತ್ತೆ, ಡೋಲು, ಗಿಟಾರ್, ಸಾಂತಾ ವೇಷ ಎಲ್ಲ ಇರುತ್ತೆ, ಆದರೆ ಒಂದು ಮನೆ ಮುಂದೆ ಮಾತ್ರ ನಿಲ್ಲದೆ ದಾಟಿಕೊಂಡು ಹೋಗುತ್ತೆ. ಯಾಕೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ದಾಟಿದ ತಕ್ಷಣ ಮುಂದಿನ ಮನೆಯಲ್ಲಿ ನಿಂತು ಭೂಲೋಕದಲ್ಲಿ ಸಮಾಧಾನ ಅಂತ ಹಾಡ್ತೇವೆ. ಅಲ್ವಾ?

ಹಾಗಾಗಿ ಈ ಸಂಜೆ ನಾನು ಹೇಳಬೇಕು ಅಂತ ಬಂದಿರುವುದು ಒಂದೇ. ಕ್ರಿಸ್ಮಸ್ ಕೊಡುವ ಸಮಾಧಾನ ಹಾಡಿನಿಂದ ಬರಲ್ಲ, ಜಾಗದಿಂದ ಬರಲ್ಲ, ದೇವರ ಕಡೆ ತಿರುಗಿಕೊಂಡರೆ ಬರುತ್ತೆ. ಇದನ್ನು ನೀವು ಸಾವಿರ ಸಲ ಕೇಳಿದ್ದೀರಿ. ಆದರೆ ತಿರುಗಿಕೊಳ್ಳುವುದು ಅಂದರೆ ಏನು ಅಂತ, ಯೇಸುವಿನ ಕಥೆ ಬರೆದವರಲ್ಲಿ ಒಬ್ಬನಾದ ಲೂಕನು ಬರೆದಿರುವುದನ್ನು ನಾವು ನಿಧಾನವಾಗಿ ಓದುವುದೇ ಇಲ್ಲ ಅನ್ನಿಸುತ್ತೆ. ಅವನು ಬರೆದಿರುವುದು ತುಂಬಾ ಲೆಕ್ಕಾಚಾರದ ವಿಷಯ. ದುಡ್ಡಿನ ವಿಷಯ ಅಂದರೂ ತಪ್ಪಿಲ್ಲ.

ಮೊದಲು ಆ ಕಾಲ ಹೇಗಿತ್ತು ಅಂತ ನೋಡೋಣ. ಲೂಕನು ಎರಡನೇ ಅಧ್ಯಾಯ ಶುರು ಮಾಡುವುದೇ ರೋಮಿನ ಚಕ್ರವರ್ತಿ ಕೈಸರ ಔಗುಸ್ತನ ಹೆಸರಿನಿಂದ. ಖಾನೇಷುಮಾರಿ, ಅಂದರೆ ಜನಗಣತಿ, ಮಾಡಿ ಅಂತ ಅವನ ಆಜ್ಞೆ. ಈ ಔಗುಸ್ತನಿಗೆ ‘ಲೋಕಕ್ಕೆ ಸಮಾಧಾನ ತಂದವನು’ ಅಂತಲೇ ಹೆಸರು. ರೋಮಿನಲ್ಲಿ ಅವನ ಗೌರವಕ್ಕೆ ಸಮಾಧಾನದ ಹೆಸರಲ್ಲೇ ಒಂದು ಅಮೃತಶಿಲೆಯ ಬಲಿಪೀಠ ಕಟ್ಟಿ ಕ್ರಿ.ಪೂ. 9ರಲ್ಲಿ ಪ್ರತಿಷ್ಠೆ ಮಾಡಿದರು. ಈಗಲೂ ರೋಮಿಗೆ ಹೋದವರು ಅದನ್ನು ನೋಡಬಹುದು. ಅದೇ ಸುಮಾರಿನಲ್ಲಿ, ಈಗಿನ ಟರ್ಕಿಯಲ್ಲಿರುವ ಪ್ರೀಯೇನೆ ಅನ್ನುವ ಊರಿನಲ್ಲಿ ಒಂದು ಶಾಸನ ಕೆತ್ತಿದರು. ಔಗುಸ್ತ ಎಂಬ ದೇವರ ಹುಟ್ಟುಹಬ್ಬವೇ ಲೋಕಕ್ಕೆ ಸುವಾರ್ತೆಯ, ಅಂದರೆ ಶುಭಸುದ್ದಿಯ, ಆರಂಭ, ಇನ್ನು ಮುಂದೆ ಆ ದಿನದಿಂದಲೇ ನಮ್ಮ ವರ್ಷ ಶುರು, ಅಂತ ಅದರ ಸಾರಾಂಶ. ಹುಟ್ಟುಹಬ್ಬ, ಸುವಾರ್ತೆ, ಸಮಾಧಾನ, ದೇವರ ಮಗ: ಎಲ್ಲ ಮಾತೂ ಆಗಲೇ ಬಳಕೆಯಲ್ಲಿದ್ದವು, ಕೈಸರನಿಗಾಗಿ. ದೇವದೂತರು ಬಂದು ಅವೇ ಮಾತುಗಳನ್ನು ದನದ ಗೋದಲಿಯಲ್ಲಿ ಮಲಗಿದ್ದ ಒಂದು ಕೂಸಿನ ಬಗ್ಗೆ ಹೇಳಿದರು. ಆ ಕಾಲದವರಿಗೆ ಇದು ಎಷ್ಟು ಜೋರಾಗಿ ಕೇಳಿಸಿರಬೇಕು!

ಔಗುಸ್ತನ ಸಮಾಧಾನ ಸುಳ್ಳು ಅಂತ ನಾನು ಹೇಳಲ್ಲ. ರಸ್ತೆಗಳು ಸುರಕ್ಷಿತವಾಗಿದ್ದವು, ಹಡಗುಗಳು ಓಡಾಡ್ತಿದ್ದವು, ಯೇಸುವಿನ ಅಪೊಸ್ತಲ ಪೌಲನು ಊರೂರು ತಿರುಗಿದ್ದೂ ಅದೇ ರಸ್ತೆಗಳಲ್ಲಿ. ಆದರೆ ಅದು ಸೈನ್ಯ ಹೊರಗಿನಿಂದ ಒತ್ತಿ ಹಿಡಿದ ಸಮಾಧಾನ. ತುಟಿ ಬಿಚ್ಚದೆ ಕಂದಾಯ ಕಟ್ಟಿದರೆ ಉಂಟು, ಇಲ್ಲದಿದ್ದರೆ ಶಿಲುಬೆ.

ಇನ್ನು ಯೇಸು ಹುಟ್ಟಿದಾಗ ಆ ನಾಡಿನ ರಾಜನಾಗಿದ್ದ ಹೆರೋದ. ಕ್ರಿಸ್ಮಸ್ ನಾಟಕದಲ್ಲಿ ಇವನ ಪಾತ್ರಕ್ಕೆ ಹುಡುಗರು ಜಗಳ ಆಡುತ್ತಾರೆ, ಯಾಕೆಂದರೆ ಕಿರೀಟ ಸಿಗುತ್ತೆ, ಕಿರುಚಬಹುದು. ನಿಜವಾದ ಹೆರೋದನಿಗೆ ಇಲ್ಲದ್ದು ಏನೂ ಇರಲಿಲ್ಲ. ಯೆರೂಸಲೇಮಿನ ದೇವಾಲಯವನ್ನೇ ಹೊಸದಾಗಿ ಕಟ್ಟಿಸಿದವನು. ಬೆತ್ಲೆಹೇಮಿನಿಂದ ಸ್ವಲ್ಪ ದೂರದಲ್ಲಿ ಗುಡ್ಡದ ಮೇಲೆ ಅವನ ಕೋಟೆ-ಅರಮನೆ ಇತ್ತು, ಹೆರೋಡಿಯಮ್ ಅಂತ. ಆ ಗುಡ್ಡ ಈಗಲೂ ಬೆತ್ಲೆಹೇಮಿನಿಂದ ಕಾಣುತ್ತೆ. ಇಷ್ಟೆಲ್ಲ ಇದ್ದವನು ಸಂಶಯದಿಂದ ತನ್ನ ಹೆಂಡತಿ ಮರಿಯಮ್ನೆಯನ್ನು ಕೊಲ್ಲಿಸಿದ, ಆಮೇಲೆ ತನ್ನ ಮೂವರು ಗಂಡುಮಕ್ಕಳನ್ನು ಕೊಲ್ಲಿಸಿದ. ದೂರದಿಂದ ಬಂದ ಜೋಯಿಸರು ಒಂದು ಮಗು ಹುಟ್ಟಿದೆ ಅಂದದ್ದೇ ತಡ, ಕಳವಳಪಟ್ಟ. ಮಗುವಿಗೆ ಹೆದರಿದ ರಾಜ! ಆಮೇಲೆ ಬೆತ್ಲೆಹೇಮಿನಲ್ಲಿ ಆದದ್ದು ನಿಮಗೆ ಗೊತ್ತು, ಎರಡು ವರ್ಷದೊಳಗಿನ ಗಂಡುಮಕ್ಕಳನ್ನೆಲ್ಲ ಕೊಲ್ಲಿಸಿದ ಕಥೆ. ಅದನ್ನು ನಾವು ಮಕ್ಕಳ ನಾಟಕದಲ್ಲಿ ಬೇಗ ದಾಟಿಸಿಬಿಡುತ್ತೇವೆ. ಅದನ್ನು ಬರೆದಿಟ್ಟ ಮತ್ತಾಯನು ದಾಟಿಸಲಿಲ್ಲ.

ಒಬ್ಬನಿಗೆ ಸೈನ್ಯ, ಇನ್ನೊಬ್ಬನಿಗೆ ಗೋಡೆ. ನಮಗೆ ಬ್ಯಾಂಕ್ ಬ್ಯಾಲೆನ್ಸ್, ಸೈಟು, ಮಕ್ಕಳಿಗೆ ಕೆನಡಾ ವೀಸಾ. ಇವು ಯಾವುದೂ ಪಾಪ ಅಲ್ಲ. ‘ಇದೊಂದು ಆಗಿಬಿಟ್ಟರೆ ನೆಮ್ಮದಿ’ ಅಂತ ಹೇಳಿಕೊಳ್ಳುತ್ತೇವಲ್ಲ, ಆ ‘ಇದೊಂದು’ ಮುಗಿಯುವುದೇ ಇಲ್ಲ, ಅಷ್ಟೇ.

ಈಗ ಲೂಕನ ಕಡೆ ಬರೋಣ. ಲೂಕನ ಕ್ರಿಸ್ಮಸ್ ಕಥೆ ಯೇಸುವಿನ ತಾಯಿ ಮರಿಯಳಿಂದ ಶುರುವಾಗಲ್ಲ. ಜಕರೀಯ ಅನ್ನುವ ಒಬ್ಬ ವಯಸ್ಸಾದ ಯಾಜಕನಿಂದ ಶುರುವಾಗುತ್ತೆ. ಈ ಮನುಷ್ಯ ನನಗೆ ಬಹಳ ಇಷ್ಟ. ಒಳ್ಳೆಯವನು, ನಿಷ್ಠಾವಂತ, ವರ್ಷಗಟ್ಟಲೆ ಪ್ರಾರ್ಥನೆ ಮಾಡಿದವನು. ಧೂಪ ಹಾಕುವ ಸರದಿ ಅವನಿಗೆ ಬಿದ್ದಿದೆ, ದೇವಾಲಯದ ಒಳಗೆ ಒಬ್ಬನೇ ನಿಂತಿದ್ದಾನೆ, ದೇವದೂತ ಗಬ್ರಿಯೇಲ ಬಂದು ನಿನ್ನ ಪ್ರಾರ್ಥನೆ ಕೇಳಲ್ಪಟ್ಟಿದೆ, ಮಗ ಹುಟ್ಟುತ್ತಾನೆ ಅನ್ನುತ್ತಾನೆ. ಜಕರೀಯನ ಉತ್ತರ ಏನು? ಅದು ಹೇಗೆ ಸಾಧ್ಯ, ನಾನು ಮುದುಕ, ಏನು ಗುರುತು? ಅಂದರೆ ಇಷ್ಟು ವರ್ಷ ಪ್ರಾರ್ಥನೆ ಮಾಡಿದ, ಆದರೆ ಅದು ಆಗುತ್ತೆ ಅಂತ ನಂಬುವುದನ್ನು ಯಾವತ್ತೋ ಬಿಟ್ಟುಬಿಟ್ಟಿದ್ದ. ನಮ್ಮಲ್ಲಿ ಎಷ್ಟು ಜನ ಹೀಗಿಲ್ಲ? ಭಾನುವಾರ ತಪ್ಪಿಸಲ್ಲ, ಕಾಣಿಕೆ ತಪ್ಪಿಸಲ್ಲ, ಮನಸ್ಸು ಮಾತ್ರ ‘ಏನೂ ಆಗಲ್ಲ ಬಿಡು’ ಅಂತ ಕೂತಿರುತ್ತೆ.

ದೇವರು ಅವನ ಮಾತು ನಿಲ್ಲಿಸಿದರು. ಹೆಂಡತಿ ಎಲಿಸಬೇತಳ ಹೊಟ್ಟೆಯಲ್ಲಿ ಮಗು ಬೆಳೆದು ಹುಟ್ಟುವವರೆಗೂ ಮಾತಿಲ್ಲ. ಪ್ರಸಂಗ ಮಾಡುವ ಮನುಷ್ಯನಿಗೆ ಮಾತಿಲ್ಲ ಅಂದರೆ ಯೋಚನೆ ಮಾಡಿ. (ನಮ್ಮ ಅಯ್ಯನವರು ನಗುತ್ತಿದ್ದಾರೆ.) ಇದನ್ನು ಎಲ್ಲರೂ ಶಿಕ್ಷೆ ಅಂತಾರೆ. ಶಿಕ್ಷೆಯೇ ಇರಬಹುದು. ಆದರೆ ನನಗೆ ಅದರಲ್ಲಿ ದಯೆಯೂ ಕಾಣುತ್ತೆ. ವಾದ ಮಾಡೋಕೆ ಆಗಲ್ಲ, ಸಮರ್ಥನೆ ಕೊಡೋಕೆ ಆಗಲ್ಲ, ‘ನಾನು ಹಾಗೆ ಹೇಳಿದ್ದಲ್ಲ’ ಅನ್ನೋಕೂ ಆಗಲ್ಲ, ಸುಮ್ನೆ ಕೂತು ದೇವರು ಏನು ಮಾಡುತ್ತಾರೆ ಅಂತ ಹೆಂಡತಿಯ ಹೊಟ್ಟೆಯಲ್ಲಿ ದಿನದಿನ ನೋಡಬೇಕು. ಮಗು ಹುಟ್ಟಿದ ಎಂಟನೇ ದಿನ ನೆಂಟರೆಲ್ಲ ಅಪ್ಪನ ಹೆಸರೇ ಇಡಿ ಅಂದರು. ಜಕರೀಯ ಹಲಗೆ ತರಿಸಿಕೊಂಡು ‘ಅವನ ಹೆಸರು ಯೋಹಾನ’ ಅಂತ ಬರೆದ. ದೇವದೂತ ಹೇಳಿದ್ದ ಹೆಸರು. ಆ ಕ್ಷಣ ಬಾಯಿ ಬಿಚ್ಚಿತು. ಅವನು ಹಾಡಿದ ಹಾಡು ಎಲ್ಲಿ ಮುಗಿಯುತ್ತೆ ನೋಡಿ: ದೇವರು ನಮ್ಮ ಕಾಲುಗಳನ್ನು ಸಮಾಧಾನದ ಮಾರ್ಗದಲ್ಲಿ ನಡೆಸುತ್ತಾರೆ ಅನ್ನುವಲ್ಲಿ. ದೇವದೂತರು ಹೊಲದಲ್ಲಿ ಸಮಾಧಾನದ ಹಾಡು ಹಾಡುವುದಕ್ಕೆ ಮೊದಲೇ, ಒಂದು ಮನೆಯಲ್ಲಿ ಒಬ್ಬ ಮುದುಕ ಅದನ್ನು ಹಾಡಿದ್ದ. ಅವನು ದೇವರ ಕಡೆ ತಿರುಗಿಕೊಂಡದ್ದು ಬಾಯಿಂದ ಅಲ್ಲ, ಆ ಹಲಗೆಯ ಮೇಲಿನ ಬರಹದಿಂದ. ನೀವು ಹೇಳಿದ ಹಾಗೇ ಆಗಲಿ, ನನ್ನ ಹೆಸರು ಮುಂದುವರಿಯಬೇಕಾಗಿಲ್ಲ ಅಂತ.

ಆ ಮಗು ಬೆಳೆದು ಸ್ನಾನಿಕ ಯೋಹಾನ ಆಯಿತು, ಯೇಸುವಿಗಿಂತ ಮೊದಲು ಬಂದು ಜನರಿಗೆ ದೀಕ್ಷಾಸ್ನಾನ ಕೊಡುತ್ತಿದ್ದ ಪ್ರವಾದಿ. ಅಡ್ವೆಂಟ್ ಭಾನುವಾರಗಳಲ್ಲಿ ಎಷ್ಟೋ ಸಭೆಗಳಲ್ಲಿ ಇವನ ಪಾಠವನ್ನೇ ಓದುತ್ತಾರೆ. ಹಿರಿಯರು ಯೋಚನೆ ಮಾಡಿಯೇ ಇಟ್ಟಿದ್ದಾರೆ. ಗೋದಲಿಗೆ ಹೋಗಬೇಕು ಅಂದರೆ ಇವನನ್ನು ದಾಟಿಯೇ ಹೋಗಬೇಕು. ನಾವೋ, ಪಾಠ ಓದುವ ಹೊತ್ತಿಗೆ ಕೇಕ್ ಆರ್ಡರ್ ಲೆಕ್ಕ ಹಾಕುತ್ತಿರುತ್ತೇವೆ. ಹಬ್ಬಕ್ಕೆ ಕಟ್ಟುವ ಯಾವ ಗೋದಲಿಯಲ್ಲೂ ಯೋಹಾನನ ಗೊಂಬೆ ಇಡಲ್ಲ. ಒಂಟೆಯ ಕೂದಲಿನ ಬಟ್ಟೆ, ಮಿಡತೆ ತಿನ್ನುವವನು, ಬಂದವರನ್ನು ‘ಸರ್ಪಜಾತಿಯವರೇ’ ಅಂತ ಬೈಯುವವನು. ಇವನನ್ನು ಕ್ರಿಸ್ಮಸ್ ಕಾರ್ಡಿನ ಮೇಲೆ ಯಾರು ಹಾಕುತ್ತಾರೆ ಹೇಳಿ?

ಆದರೆ ಜನ ಅವನ ಹತ್ತಿರ ಬಂದು ಒಂದು ಪ್ರಶ್ನೆ ಕೇಳಿದರು, ಲೂಕ ಮೂರನೇ ಅಧ್ಯಾಯದಲ್ಲಿದೆ: ಹಾಗಾದರೆ ನಾವೇನು ಮಾಡಬೇಕು? ಅವನು ಕೊಟ್ಟ ಉತ್ತರ ನನಗೆ ಪ್ರತಿ ಸಲ ಆಶ್ಚರ್ಯ ಹುಟ್ಟಿಸುತ್ತೆ. ನನ್ನ ಹಾಗೆ ಅಡವಿಗೆ ಬನ್ನಿ ಅನ್ನಲಿಲ್ಲ. ನಲವತ್ತು ದಿನ ಉಪವಾಸ ಮಾಡಿ ಅನ್ನಲಿಲ್ಲ. ಎರಡು ಅಂಗಿ ಇದ್ದರೆ ಇಲ್ಲದವನಿಗೆ ಒಂದು ಕೊಡಿ, ಊಟದ ವಿಷಯದಲ್ಲೂ ಹಾಗೇ ಮಾಡಿ ಅಂದ. ಸುಂಕದವರು ಬಂದರು, ನೇಮಕವಾದದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ ಅಂದ. ಸಿಪಾಯಿಗಳು ಬಂದರು, ಹೆದರಿಸಿ ದುಡ್ಡು ಕೀಳಬೇಡಿ, ಸುಳ್ಳು ದೂರು ಹೊರಿಸಬೇಡಿ, ನಿಮ್ಮ ಸಂಬಳ ನಿಮಗೆ ಸಾಕು ಅಂದುಕೊಳ್ಳಿ ಅಂದ. ಅಷ್ಟೇ.

ಗಮನಿಸಿ, ಸುಂಕದವನಿಗೆ ಕೆಲಸ ಬಿಡು ಅನ್ನಲಿಲ್ಲ. ಅದು ಆ ಕಾಲದಲ್ಲಿ ಗುತ್ತಿಗೆಯ ಕೆಲಸ, ಸರ್ಕಾರಕ್ಕೆ ಕಟ್ಟಬೇಕಾದದ್ದು ಕಟ್ಟಿದ ಮೇಲೆ ಜನರಿಂದ ಎಷ್ಟು ಹಿಂಡಿದರೂ ಕೇಳುವವರು ಕಡಿಮೆ, ಲಾಭ ಇದ್ದದ್ದೇ ಆ ‘ಮೇಲಿನದ್ದರಲ್ಲಿ’. ನಮ್ಮ ಆಫೀಸುಗಳಲ್ಲಿ ಈಗಲೂ ಅದನ್ನು ‘ಮೇಲಿನದು’ ಅಂತಲೇ ಅನ್ನುತ್ತಾರೆ, ಅಲ್ವಾ? ಯೋಹಾನ ಸೀದಾ ಅಲ್ಲಿಗೇ ಬೆರಳಿಟ್ಟ. ಒಬ್ಬೊಬ್ಬರಿಗೂ ಅವರವರ ನೋವಿರುವ ಜಾಗದಲ್ಲೇ. ಇವತ್ತು ಅವನು ಈ ಹಾಲ್‌ಗೆ ಬಂದರೆ ಬಾಡಿಗೆಗೆ ಮನೆ ಕೊಟ್ಟವರನ್ನು ಅಡ್ವಾನ್ಸ್ ವಾಪಸ್ ಕೊಟ್ಟಿದ್ದೀರಾ ಅಂತ ಕೇಳುತ್ತಾನೆ. ಮನೆಕೆಲಸದವಳಿಗೆ ಹಬ್ಬದ ರಜೆಗೆ ಸಂಬಳ ಹಿಡಿದಿದ್ದೀರಾ ಅಂತ ಕೇಳುತ್ತಾನೆ. ಅಪ್ಪನ ಜಮೀನಿನಲ್ಲಿ ತಂಗಿಯ ಸಹಿ ಹಾಕಿಸಿಕೊಂಡಿರಲ್ಲ, ಅವಳಿಗೆ ಏನು ಕೊಟ್ಟಿರಿ? ನನ್ನನ್ನು ನೋಡಿ ಏನು ಕೇಳುತ್ತಾನೆ ಅನ್ನುವುದು ನನಗೆ ಗೊತ್ತಿದೆ, ಇಲ್ಲಿ ಹೇಳಲ್ಲ.

ಇದೇ ಸಮಾಧಾನದ ಮಾರ್ಗ. ತಂದೆ ಹಾಡಿದ, ಮಗ ದಾರಿ ತೋರಿಸಿದ. ದೇವರ ಕಡೆ ತಿರುಗುವುದು ಅಂದರೆ ಕಣ್ಣೀರು ಬರಬೇಕು, ಮೈ ನಡುಗಬೇಕು ಅಂತ ನಾವು ಅಂದುಕೊಂಡಿದ್ದೇವೆ. ಬಂದರೆ ಬರಲಿ, ಬೇಡ ಅನ್ನಲ್ಲ. ಆದರೆ ಕೂಟದಲ್ಲಿ ಅತ್ತು ಮನೆಗೆ ಹೋಗಿ ಅದೇ ಕಳ್ಳ ಲೆಕ್ಕ ಬರೆದರೆ? ಪ್ರವಾದಿ ಯೆರೆಮೀಯನ ಕಾಲದಲ್ಲಿ ಬೇರೆ ಪ್ರವಾದಿಗಳು ಸಮಾಧಾನವಿಲ್ಲದಿದ್ದರೂ ಸಮಾಧಾನ, ಸಮಾಧಾನ ಅನ್ನುತ್ತಿದ್ದರಂತೆ, ಜನರ ಗಾಯವನ್ನು ಮೇಲೆಮೇಲೆ ವಾಸಿಮಾಡುತ್ತಿದ್ದರಂತೆ. ಒಳಗೆ ಕೀವು ಇಟ್ಟುಕೊಂಡು ಮೇಲೆ ಬ್ಯಾಂಡೇಜ್ ಸುತ್ತಿದ ಹಾಗೆ. ಎರಡು ದಿನ ಚೆನ್ನಾಗಿ ಕಾಣುತ್ತೆ.

ಹಾಗಂತ ನಾನು ಹೇಳುತ್ತಿರುವುದು ಒಳ್ಳೆಯ ಕೆಲಸ ಮಾಡಿ ಸಮಾಧಾನ ಕೊಂಡುಕೊಳ್ಳಿ ಅಂತಲ್ಲ. ಇದನ್ನು ತಪ್ಪು ತಿಳಿಯಬೇಡಿ. ಲೂಕನ ಕಥೆಯಲ್ಲಿ ಮೊದಲು ಹೆಜ್ಜೆ ಇಟ್ಟವರು ದೇವರು. ಜಕರೀಯ ನಂಬುವ ಮೊದಲೇ ಮಗು ಹುಟ್ಟುತ್ತೆ ಅನ್ನುವ ಮಾತು ಬಂದಾಗಿತ್ತು. ದೇವದೂತರಿಂದ ಯೇಸು ಹುಟ್ಟಿದ ಸುದ್ದಿ ಕೇಳಿದ ಕುರುಬರು ಯಾವ ಪ್ರಾರ್ಥನೆ ಮಾಡುತ್ತಿದ್ದರು ಅಂತ ಎಲ್ಲೂ ಬರೆದಿಲ್ಲ, ರಾತ್ರಿ ಪಾಳಿಯಲ್ಲಿ ಕುರಿ ಕಾಯುತ್ತಿದ್ದರು ಅಂತ ಮಾತ್ರ ಇದೆ. ದೇವರು ನಮ್ಮ ಕಡೆ ತಿರುಗಿ ಬಂದಾಯಿತು, ಕೂಸಾಗಿ ಬಂದಾಯಿತು, ಕ್ಷಮೆ ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದಾರೆ. ನಾವು ಬೆನ್ನು ಹಾಕಿಕೊಂಡು ನಿಂತಿದ್ದರೆ ಕೊಟ್ಟದ್ದನ್ನು ತೆಗೆದುಕೊಳ್ಳುವುದು ಹೇಗೆ? ಕೈಯಲ್ಲಿ ಬೇರೆಯವರ ದುಡ್ಡು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಆ ಕೈ ಚಾಚುವುದು ಹೇಗೆ?

ಇನ್ನೊಂದು ಮಾತು, ಇದನ್ನು ನಾವು ಪ್ರಸಂಗಗಳಲ್ಲಿ ಸರಿಯಾಗಿ ಹೇಳಲ್ಲ. ದೇವರ ಕಡೆ ತಿರುಗಿದ ಮೇಲೆ ಪರಿಸ್ಥಿತಿ ಸುಧಾರಿಸುತ್ತೆ ಅಂತ ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಕುರುಬರು ಕೂಸನ್ನು ನೋಡಿ, ದೇವರನ್ನು ಕೊಂಡಾಡುತ್ತಾ ವಾಪಸ್ ಹೋದರು. ಎಲ್ಲಿಗೆ? ಅದೇ ಕುರಿಗಳ ಹತ್ತಿರ, ಅದೇ ಚಳಿಗೆ, ಅದೇ ಔಗುಸ್ತನ ರಾಜ್ಯಕ್ಕೆ. ಮರಿಯಳ ಗಂಡ ಯೋಸೇಫ ದೇವರ ಮಾತು ಕೇಳಿದ, ಸಿಕ್ಕಿದ್ದು ರಾತ್ರೋರಾತ್ರಿ ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಓಡುವ ಕೆಲಸ. ಮರಿಯಳಿಗೆ ದೇವಾಲಯದಲ್ಲಿ ಸಿಮೆಯೋನ ಅನ್ನುವ ಭಕ್ತ ಏನು ಹೇಳಿದ? ನಿನ್ನ ಪ್ರಾಣಕ್ಕೂ ಅಲಗು ನಾಟುತ್ತೆ ಅಂದ. ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಹೇಳುವ ಮಾತಾ ಇದು? ಆದರೆ ಅದೇ ಸಿಮೆಯೋನ ಆ ಕೂಸನ್ನು ತೋಳಿಗೆ ತೆಗೆದುಕೊಂಡು, ಕರ್ತನೇ ಇನ್ನು ನಿನ್ನ ದಾಸನನ್ನು ಸಮಾಧಾನದಿಂದ ಕಳುಹಿಸಿಕೊಡು ಅಂದ. ಸಾಯುವುದಕ್ಕೆ ತಯಾರಾದವನ ಸಮಾಧಾನ ಅದು. ಅಲ್ಲೇ ಅನ್ನ ಅನ್ನುವ ಅಜ್ಜಿ ಇದ್ದಳು, ಮದುವೆಯಾಗಿ ಏಳೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡವಳು, ವಯಸ್ಸು 84. ಅವಳೂ ಕೃತಜ್ಞತೆಯಿಂದ ದೇವರನ್ನು ಕೊಂಡಾಡಿದಳು.

ಈ ವರ್ಷ ಮನೆಯಲ್ಲಿ ಒಬ್ಬರನ್ನು ಕಳೆದುಕೊಂಡು ಇಲ್ಲಿ ಕೂತಿರುವವರಿದ್ದೀರಿ. ನಕ್ಷತ್ರ ಕಟ್ಟೋಕೆ ಮನಸ್ಸಿಲ್ಲ, ಕರ್ಜಿಕಾಯಿ ಮಾಡೋಕೆ ಕೈ ಏಳಲ್ಲ. ಕಟ್ಟಬೇಡಿ, ಮಾಡಬೇಡಿ. ನನ್ನ ಸಮಾಧಾನವನ್ನು ನಿಮಗೆ ಕೊಡುತ್ತೇನೆ, ಲೋಕವು ಕೊಡುವ ಹಾಗೆ ನಾನು ಕೊಡುವುದಿಲ್ಲ ಅಂತ ಯೇಸು ಹೇಳಿದ್ದು ಯಾವಾಗ? ಮಾರನೇ ದಿನ ತನ್ನನ್ನು ಕೊಲ್ಲುತ್ತಾರೆ ಅಂತ ಗೊತ್ತಿದ್ದ ರಾತ್ರಿ. ಅಳುತ್ತಾ ಇರುವವರಿಗೂ ಆ ಸಮಾಧಾನ ಸಿಗುತ್ತೆ, ಅಳು ನಿಲ್ಲಿಸಬೇಕು ಅಂತ ಅದಕ್ಕೆ ಕರಾರಿಲ್ಲ. 2023ರ ಕ್ರಿಸ್ಮಸ್ಸಿನಲ್ಲಿ, ಗಾಜಾದಲ್ಲಿ ಯುದ್ಧ ನಡೆಯುತ್ತಿದ್ದಾಗ, ಬೆತ್ಲೆಹೇಮಿನ ಸಭೆಗಳು ದೀಪಾಲಂಕಾರ, ಮೆರವಣಿಗೆ ಎಲ್ಲ ಕೈಬಿಟ್ಟವು. ಅಲ್ಲಿನ ಲೂಥರನ್ ಸಭೆಯವರು ಹುಲ್ಲಿನ ಬದಲು ಒಡೆದ ಸಿಮೆಂಟು, ಕಲ್ಲಿನ ರಾಶಿ ಮಾಡಿ ಅದರ ನಡುವೆ ಕೂಸನ್ನು ಮಲಗಿಸಿದರು. ಅದರ ಚಿತ್ರ ನಿಮ್ಮಲ್ಲಿ ಕೆಲವರು ನೋಡಿರಬಹುದು. ಹಬ್ಬ ನಿಂತಿತ್ತು, ಆರಾಧನೆ ನಿಲ್ಲಲಿಲ್ಲ.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ.

*

ಯುವಜನ ಸಂಘದ ಒಬ್ಬ ಹುಡುಗ ಕೇಳಿದ: ಅಂಕಲ್, ನನಗೆ ಯಾರ ಜೊತೆಯೂ ಜಗಳ ಇಲ್ಲ, ಯಾರ ದುಡ್ಡೂ ಇಟ್ಟುಕೊಂಡಿಲ್ಲ, ದಿನಾ ಪ್ರಾರ್ಥನೆ ಮಾಡುತ್ತೇನೆ, ಆದರೂ ರಾತ್ರಿ ನಿದ್ದೆ ಬರಲ್ಲ, ಎದೆ ಡವಗುಟ್ಟುತ್ತೆ. ನನ್ನ ನಂಬಿಕೆಯಲ್ಲಿ ಏನಾದರೂ ಕೊರತೆಯಾ?

ಇಲ್ಲಪ್ಪ. ಮೊದಲು ಡಾಕ್ಟರ ಹತ್ತಿರ ಹೋಗು. ನಿಮ್ಹಾನ್ಸ್ ಆಗಲಿ, ನಿಮ್ಮೂರಿನ ಆಸ್ಪತ್ರೆಯಾಗಲಿ, ಅಲ್ಲಿಗೆ ಹೋಗುವುದು ಅಪನಂಬಿಕೆ ಅಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವಾಗ ಯಾರೂ ನಂಬಿಕೆ ಅಳೆಯಲ್ಲ. ಲೂಕನೇ ವೈದ್ಯ ಅಂತ ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಹೇಳುತ್ತಾನೆ. ಬೇಕಾದರೆ ನಾನೂ ಜೊತೆಗೆ ಬರ್ತೀನಿ.

ಇನ್ನೊಬ್ಬರು, ಕಮಿಟಿಯಲ್ಲಿದ್ದವರು: ನಾನು ಹೋಗಿ ಮಾತಾಡಿಸಿದರೂ ಅವರು ಮುಖ ತಿರುಗಿಸಿದರೆ?

ತಿರುಗಿಸಬಹುದು. ಸಾಧ್ಯವಾದರೆ, ನಿಮ್ಮಿಂದ ಆಗುವ ಮಟ್ಟಿಗೆ, ಎಲ್ಲರ ಜೊತೆ ಸಮಾಧಾನದಿಂದಿರಿ ಅಂತಲೇ ಪೌಲನು ರೋಮಾಪುರದವರಿಗೆ ಬರೆದದ್ದು. ಅವರ ಅರ್ಧ ನಿಮ್ಮ ಕೈಯಲ್ಲಿಲ್ಲ. ನಿಮ್ಮ ಅರ್ಧ ಮಾಡಿ ಬನ್ನಿ. ಆದರೆ ಹೋಗುವಾಗ ‘ನಾನೇ ಮೊದಲು ಬಂದೆ ನೋಡಿ’ ಅನ್ನುವ ಮುಖ ಹಾಕಿಕೊಂಡು ಹೋಗಬೇಡಿ. ಅದು ಬಾಗಿಲಲ್ಲೇ ಗೊತ್ತಾಗುತ್ತೆ. ಇನ್ನು, ನಿಮ್ಮ ಮೇಲೆ ಕೈ ಮಾಡಿದವರು, ನಿಮ್ಮನ್ನು ಹಿಂಸೆ ಮಾಡಿದವರು ಇದ್ದರೆ ಒಬ್ಬರೇ ಹೋಗಲೇಬೇಡಿ. ಕ್ಷಮಿಸುವುದು ಬೇರೆ, ಅವರ ಕೈಗೆ ಮತ್ತೆ ಸಿಕ್ಕಿಕೊಳ್ಳುವುದು ಬೇರೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು: ನನಗೂ ಅಣ್ಣನಿಗೂ ಮನೆ ಪಾಲಿನ ವಿಷಯದಲ್ಲಿ ಮಾತು ನಿಂತಿತ್ತು. ಅವನು ಮೊನ್ನೆ ಮಳೆಗಾಲದಲ್ಲಿ ತೀರಿಕೊಂಡ. ಈಗ ನಾನು ಯಾರ ಹತ್ತಿರ ಹೋಗಲಿ?

ಹಾಲ್‌ನಲ್ಲಿ ಯಾರೂ ಮಾತಾಡಲಿಲ್ಲ. ನಾನು ಕೇಳಿದೆ: ಅಣ್ಣಾವ್ರೇ, ಅತ್ತಿಗೆ ಇದ್ದಾರಾ? ಇದ್ದಾರೆ, ಮಗಳ ಮನೆಯಲ್ಲಿ, ಅಂದರು. ಆ ಪಾಲಿನಲ್ಲಿ ಅವರಿಗೆ ಬರಬೇಕಾದದ್ದು ಏನಾದರೂ ನಿಮ್ಮ ಹತ್ತಿರ ಉಳಿದಿದೆಯಾ? ಸ್ವಲ್ಪ ಹೊತ್ತು ಬಿಟ್ಟು, ಇದೆ ಅಂದರು.

ಹಾಗಾದರೆ ಅತ್ತಿಗೆ ಹತ್ತಿರ ಹೋಗಿ. ಅಣ್ಣನ ವಿಷಯ ದೇವರ ಹತ್ತಿರ ಮಾತಾಡಿ, ಅವರು ಕೇಳಿಸಿಕೊಳ್ಳುತ್ತಾರೆ. ಪಾಲಿನ ವಿಷಯ ಅತ್ತಿಗೆ ಹತ್ತಿರ ಮಾತಾಡಿ, ಕಾಗದಪತ್ರ ಜೊತೆಗೇ ತಗೊಂಡು ಹೋಗಿ. ಹಬ್ಬ ಮುಗಿಯಲಿ ಅಂತ ಕಾಯಬೇಡಿ, ಈ ವಾರವೇ ಹೋಗಿ.